ಕಲ್ಲೆಸೆದವನ ದೂರು

ಎಲ್ಲರಿಗೂ ಒಂದೇ ಹಕ್ಕು ಎನ್ನುವ ಕಾನೂನಿಗಾಗಿ ಒಬ್ಬ ವಕೀಲೆ ಕೋರ್ಟಿನಲ್ಲಿ, ಆಮೇಲೆ ಶಾಸಕಿಯಾಗಿ ಸದನದಲ್ಲಿ, ಅರ್ಧ ಆಯಸ್ಸು ಗಂಟಲು ಹರಿದುಕೊಂಡಿದ್ದಳು. ಕಾನೂನು ಬಂದ ವಾರವೇ ಅದನ್ನು ವಿರೋಧಿಸುವ ದರ್ಜಿಯೊಬ್ಬ ಕಲ್ಲೆಸೆದು ಅವಳ ಹಣೆ ಒಡೆದ. ಪೊಲೀಸರು ಅವನನ್ನು ಠಾಣೆಯಲ್ಲಿ ಹಣ್ಣುಗಾಯಿ ನೀರುಗಾಯಿ ಮಾಡಿದರೆಂದು ತಿಳಿದದ್ದೇ ಅವಳು ಚಪ್ಪಲಿ ಮೆಟ್ಟಿದಳು.

"ಅಕ್ಕಾ, ತಲೆ ಕೆಟ್ಟಿದೆಯಾ?" ಎಂದ ತಮ್ಮ.

"ಒಡೆದಿದೆ, ಕೆಟ್ಟಿಲ್ಲ."

ಠಾಣೆಯಲ್ಲಿ ಸರಳುಗಳ ನಡುವೆ ಕಾಗದ ತೂರಿಸಿದಳು. "ನಿನಗೆ ಹೊಡೆದವರ ಮೇಲೆ ದೂರು. ಸಹಿ ಹಾಕಯ್ಯ."

ದರ್ಜಿ ಮುಖ ತಿರುಗಿಸಿದ. "ನಿಮ್ಮ ಕಾನೂನೇ ಬೇಡ ಅಂದೋನು ನಾನು."

"ಬೇಡ ಅಂದೋರನ್ನೂ ಸೇರಿಸಿಯೇ ಬರೆದಿರೋದು. ಹಾಕು."

ಊದಿದ ಬೆರಳುಗಳಲ್ಲಿ ಅವನು ಹೇಗೋ ಗೀಚಿದ. ಆಮೇಲೆ ಮೆತ್ತಗೆ ಕೇಳಿದ: "ಹಾಗಾದ್ರೆ ಕಲ್ಲಿನ ಕೇಸು ಬಿಟ್ಟುಬಿಡ್ತೀರಾ, ಅಮ್ಮಾ?"

"ಯಾಕಪ್ಪಾ ಬಿಡ್ಲಿ? ಅದರಲ್ಲಿ ಮೊದಲನೇ ಸಾಕ್ಷಿ ನಾನೇ."