ಹೆದರಿಸದ ಕಾಗದ

ಮಗಳು ಏನು ಕೆಲಸ ಮಾಡುತ್ತಾಳೆಂದು ಗಿರಾಕಿಗಳಿಗೆ ವಿವರಿಸುವುದು ಕಟಿಂಗ್ ಶಾಪಿನ ಅಪ್ಪನಿಗೆ ದೊಡ್ಡ ಪೇಚಾಟವಾಗಿತ್ತು. ಆರೋಗ್ಯ ಇಲಾಖೆಯಲ್ಲಿದ್ದಾಳೆ ಎಂದರೆ “ಡಾಕ್ಟರಾ?” ಎನ್ನುತ್ತಿದ್ದರು. ಅಲ್ಲ ಎಂದರೆ “ನರ್ಸಾ?” ಅದೂ ಅಲ್ಲ. ಒಳ್ಳೆಯದೆಂದು ಗೊತ್ತಿದ್ದೂ ಜನ ಯಾಕೆ ಮಾಡುವುದಿಲ್ಲ ಎಂಬುದನ್ನು ಅವಳು ಕಾಲೇಜಿನಲ್ಲಿ ಓದಿ ಬಂದಿದ್ದಳು. ಇಲಾಖೆ ಜನರಿಗೆ ಕಳಿಸುವ ಕಾಗದಗಳನ್ನು ಅದಕ್ಕೆ ತಕ್ಕಂತೆ ತಿದ್ದುವುದು ಅವಳ ಕೆಲಸ.

ಆ ವರ್ಷ ಇಲಾಖೆಯಿಂದ ಐವತ್ತು ದಾಟಿದವರಿಗೆಲ್ಲ ಒಂದು ಪುಟ್ಟ ಡಬ್ಬಿ, ಜೊತೆಗೆ ಬೇರೆ ಕವರಿನಲ್ಲಿ ಒಂದು ಕಾಗದ ಅಂಚೆಯಲ್ಲಿ ಹೋದವು. ಡಬ್ಬಿಯೊಳಗೆ ಒಂದು ಕಡ್ಡಿ, ಒಂದು ಕೊಳವೆ. ಕಡ್ಡಿಯನ್ನು ಮಲಕ್ಕೆ ತಾಗಿಸಿ, ಕೊಳವೆಗೆ ಹಾಕಿ, ಮುಚ್ಚಿ ವಾಪಸ್ ಕಳಿಸಬೇಕು. ಕಣ್ಣಿಗೆ ಕಾಣದ ರಕ್ತವಿದ್ದರೆ ಗೊತ್ತಾಗುತ್ತದೆ, ಕರುಳಿನ ಕ್ಯಾನ್ಸರನ್ನು ಮೊದಲೇ ಹಿಡಿಯಬಹುದು. ಹೋದ ಡಬ್ಬಿಗಳಲ್ಲಿ ಬಹುಪಾಲು ಹೋದ ಕಡೆಯೇ ಉಳಿದವು.

ಮುಖ್ಯ ವೈದ್ಯಾಧಿಕಾರಿಗೆ ಸಿಟ್ಟು ಬಂತು. ಕೈಮೀರಿದ ಮೇಲೆ ಬಂದ ಎಷ್ಟೋ ರೋಗಿಗಳನ್ನು ಕಂಡವರು ಅವರು.

“ಇನ್ನೂ ಗಟ್ಟಿಯಾಗಿ ಹೇಳ್ಬೇಕಮ್ಮ. ಕೆಂಪಕ್ಷರದಲ್ಲಿ ಹಾಕಿ, ಸಾಯ್ತೀರಿ ಅಂತ.”

“ಈಗ್ಲೇ ಸಾಲಿಗೊಂದು ಸಾವಿದೆ ಸರ್. ಇನ್ನೂ ಹೆದರಿಸಿದ್ರೆ ಕವರೇ ಒಡೆಯಲ್ಲ.”

“ಹೋದ ಸಲ ನಿಮ್ಮ ಮಾತು ಕೇಳಿ ಏನಾಯ್ತು?”

ಅದು ನಿಜ. ‘ನಿಮ್ಮ ಬಡಾವಣೆಯಲ್ಲಿ ಹೆಚ್ಚಿನವರು ಇನ್ನೂ ಕಳಿಸಿಲ್ಲ’ ಎಂದು ಆಮೇಲೆ ಕಳಿಸಿದ ನೆನಪಿನ ಕಾಗದದಲ್ಲಿ ಬರೆಸಿದ್ದು ಅವಳೇ. ನಾಚಿಕೊಂಡು ಕಳಿಸುತ್ತಾರೆ ಎಂದುಕೊಂಡಿದ್ದಳು. ಸದ್ಯ, ನಾನೊಬ್ಬನೇ ಅಲ್ಲವಲ್ಲ ಎಂದು ಜನ ನಿರಾಳವಾಗಿ ಕೂತರು. ಅವಳು ಎದ್ದು ಬಂದಳು.

ಆ ಭಾನುವಾರ ತವರಿಗೆ ಹೋದಾಗ, ಬೀರುವಿನ ಮೇಲಿದ್ದ ಸೂಟ್‌ಕೇಸ್ ಇಳಿಸಲು ಹೋಗಿ ಅದರ ಹಿಂದೆ ಅದೇ ಡಬ್ಬಿಯನ್ನು ಕಂಡಳು. ಒಡೆದೇ ಇರಲಿಲ್ಲ.

“ಅಪ್ಪ, ಇದೇನು?”

“ಕಾಗದ ಪೂರ್ತಿ ಓದ್ದೆ ಕಣಮ್ಮ. ಓದಿದ್ಮೇಲೇ ಅಲ್ಲಿಟ್ಟಿದ್ದು.”

“ಯಾಕೆ?”

“ನಾಳೆ ಮಾಡೋಣ ಅಂತ. ಅದೂ ಅಲ್ದೆ...” ಅಪ್ಪ ದನಿ ತಗ್ಗಿಸಿದ. “ಹಿಡಿಯೋದು ಹೆಂಗೆ ಅಂತ ಎಲ್ಲೂ ಬರ್ದಿಲ್ಲ. ನೀರಿಗೆ ಬಿದ್ರೆ? ಅಂಚೆಯವನು ಬೇರೆ ನನ್ನ ಗಿರಾಕಿ. ಅವನ ಕೈಗೆ ಅದನ್ನ ಕೊಟ್ಟು, ಆಮೇಲೆ ಅವನ ಗಡ್ಡ ಕೆರೀಬೇಕಾ?”

ಅಡುಗೆಮನೆಯಿಂದ ಅಮ್ಮ ಕೂಗಿದಳು: “ಊರೋರ ತಲೆಗೆಲ್ಲ ಕೈ ಹಾಕ್ತಾರೆ, ಇದಕ್ಕೊಂದು ನಾಚಿಕೆ ಇವರಿಗೆ!”

ಮಗಳು ನಗುತ್ತಲೇ ಕೂತು ಒಂದೊಂದನ್ನೇ ಕೇಳಿಸಿಕೊಂಡಳು. ಮರುದಿನದಿಂದ ಡಬ್ಬಿ ಕಳಿಸದವರ ಮನೆಗಳಿಗೂ ಹೋದಳು. ಹೊಲಿಗೆಯವಳು, ಲಾರಿ ಡ್ರೈವರ್, ನಿವೃತ್ತ ಮೇಷ್ಟ್ರು: ಯಾರೂ ಪರೀಕ್ಷೆ ಬೇಡ ಎನ್ನಲಿಲ್ಲ. ಎಲ್ಲರದೂ ನಾಳೆಯೇ, ಎಲ್ಲರದೂ ಅದೇ ಮುಜುಗರ.

ಹೊಸ ಕಾಗದ ಒಂದೇ ಪುಟದ್ದಾಯಿತು. ಸಾವಿನ ಮಾತು ತೆಗೆದಳು. ಬೇಗ ಗೊತ್ತಾದರೆ ಹೆಚ್ಚಿನವರು ಗುಣವಾಗುತ್ತಾರೆ ಎಂದು ಮೊದಲ ಸಾಲಿನಲ್ಲೇ ಹಾಕಿದಳು. ಹಿಡಿಯುವುದು ಹೇಗೆಂದು ಚಿತ್ರ ಬರೆಸಿದಳು, ಕೆಳಗೆ ಹಾಸಿಕೊಳ್ಳಲು ಒಂದು ಕಾಗದ ಇಟ್ಟಳು. ವಾಪಸ್ ಕಳಿಸುವ ಲಕೋಟೆಯನ್ನು ವಿಳಾಸ ಬಿಟ್ಟು ಬೇರಾವ ಗುರುತೂ ಇಲ್ಲದ ಬಿಳಿ ಲಕೋಟೆ ಮಾಡಿಸಿ, ಅಂಚೆ ಪೆಟ್ಟಿಗೆಗೆ ಹಾಕಿದರೆ ಸಾಕು ಎಂದು ಬರೆದಳು. ಕೊನೆಗೆ ಬಚ್ಚಲ ಬಾಗಿಲಿಗೆ ಅಂಟಿಸುವ ಚೀಟಿ: ‘ನಾನು ಮಾಡುವುದು ______ವಾರ ಬೆಳಿಗ್ಗೆ.’ ವಾರ ಅವರೇ ತುಂಬಬೇಕು.

“ಇದು ಮಕ್ಕಳ ಪುಸ್ತಕದ ಹಾಗಿದೆ,” ಎಂದರು ವೈದ್ಯಾಧಿಕಾರಿ.

“ಅರ್ಧ ಜನಕ್ಕೆ ನಿಮ್ಮ ಕೆಂಪಕ್ಷರದ್ದು, ಅರ್ಧ ಜನಕ್ಕೆ ಇದು. ಯಾರಿಗೆ ಯಾವುದು ಅಂತ ಚೀಟಿ ಎತ್ತೋಣ ಸರ್. ಸೋತ್ರೆ ಊರಿಗೆಲ್ಲ ಕೆಂಪಕ್ಷರ ನಾನೇ ಬರೀತೀನಿ.”

ಅವರು ಒಪ್ಪಿದರು. ಚೀಟಿ ಎತ್ತುವ ಮೊದಲೇ ಅವಳು ಅಪ್ಪನ ಹೆಸರನ್ನು ತೆಗೆದಿಟ್ಟಳು. ಸಂಜೆ ಅದನ್ನು ಹೇಳಿದಾಗ ಅಪ್ಪನಿಗೆ ಕೋಪವೇ ಬಂತು.

“ಅಂದ್ರೆ ನಾನು ಲೆಕ್ಕಕ್ಕಿಲ್ಲ?”

“ಮನೆಯವರನ್ನ ಲೆಕ್ಕಕ್ಕೆ ಹಿಡಿದ್ರೆ ನಾನು ಮೋಸ ಮಾಡ್ದಂಗೆ ಅಪ್ಪ. ನಿಮಗೆ ಕಾಗದ ನಾನೇ ತಂದಿದ್ದೀನಿ.”

ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದ. ಚಿತ್ರ ನೋಡಿ ಕೆಮ್ಮಿದ. ಪೆನ್ನು ಕೇಳಿ, ಚೀಟಿಯಲ್ಲಿ ‘ಮಂಗಳ’ ಎಂದು ದುಂಡಗೆ ಬರೆದ. ಮಂಗಳವಾರ ಅಂಗಡಿಗೆ ರಜೆ.

ವಾರ ಕಳೆದ ಮೇಲೆ ಆಸ್ಪತ್ರೆಯಿಂದ ಅವನಿಗೆ ಕರೆ ಬಂತು. ರಕ್ತದ ಸುಳಿವಿತ್ತು. ಕರುಳಿನೊಳಗೆ ಕೊಳವೆ ಇಳಿಸಿ ನೋಡಿದ ದಿನ ಮಗಳು ಹೊರಗಿನ ಬೆಂಚಿನ ಮೇಲೆ ಅಮ್ಮನ ಕೈ ಹಿಡಿದು ಕೂತಿದ್ದಳು. ಇಷ್ಟು ಜನರಿಗೆ ಧೈರ್ಯ ಬರೆದು ಕಳಿಸಿದವಳ ಅಂಗೈಯೇ ತಣ್ಣಗಾಗಿತ್ತು. ಡಾಕ್ಟರು ಹೊರಗೆ ಬಂದು, “ಒಂದು ಸಣ್ಣ ಗಂಟಿತ್ತು, ಅಲ್ಲೇ ತೆಗೆದುಬಿಟ್ವಿ,” ಎಂದರು. ಕೆಲವು ದಿನಗಳ ಮೇಲೆ ಗಂಟಿನ ಪರೀಕ್ಷೆಯ ವರದಿ ಬಂದು, ಅದು ಕ್ಯಾನ್ಸರ್ ಅಲ್ಲವೆಂದು ತಿಳಿಯಿತು. ಬಿಟ್ಟಿದ್ದರೆ ಮುಂದೊಂದು ದಿನ ಆಗಬಹುದಿತ್ತಂತೆ. ಅದನ್ನು ಕೇಳಿ ಅಮ್ಮ ಆಸ್ಪತ್ರೆಯಲ್ಲೇ ಅತ್ತುಬಿಟ್ಟಳು.

ತಿಂಗಳ ಕೊನೆಗೆ ಎಣಿಕೆ ಬಂತು. ಕೆಂಪಕ್ಷರದ ಕಾಗದ ಹೋದ ಮನೆಗಳಿಗಿಂತ ಹೊಸ ಕಾಗದ ಹೋದ ಮನೆಗಳಿಂದ ಹೆಚ್ಚುಕಡಿಮೆ ಎರಡರಷ್ಟು ಡಬ್ಬಿಗಳು ಬಂದಿದ್ದವು. ವೈದ್ಯಾಧಿಕಾರಿ ತುಂಬಿದ ಸಭೆಯಲ್ಲಿ ಅವಳನ್ನು ಎದ್ದು ನಿಲ್ಲಲು ಹೇಳಿದರು.

“ನಾನು ಸೋತೆ,” ಎಂದರು. “ಇಷ್ಟು ಖುಷಿಯಾಗಿ ಯಾವತ್ತೂ ಸೋತಿರಲಿಲ್ಲ. ಇನ್ಮೇಲೆ ಊರಿಗೆಲ್ಲ ಈ ಕಾಗದಾನೇ ಹೋಗ್ಲಿ.”

ಸುದ್ದಿ ಹೇಳಲು ಅವಳು ನೇರವಾಗಿ ಅಂಗಡಿಗೆ ನಡೆದಳು. ಕುರ್ಚಿಯಲ್ಲಿ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಕಿರಾಣಿ ಅಂಗಡಿಯ ಯಜಮಾನ ಕೂತಿದ್ದ. ಅಪ್ಪ ಕತ್ತರಿ ಎತ್ತಿ ಹಿಡಿದಿದ್ದ, ಕೂದಲಿಗೆ ತಾಗಿಸಿರಲಿಲ್ಲ.

“ಡಬ್ಬಿ ಮನೇಲಿದೆ ಅಂದ್ರಲ್ಲ, ಯಾವತ್ತು ಮಾಡ್ತೀರಿ?”

“ಮಾಡೋಣ ಬಿಡು ಮಾರಾಯ.”

“ಬಿಡು ಅನ್ನೋ ವಾರ ಇಲ್ಲ. ಸೋಮವಾರಾನಾ, ಬುಧವಾರಾನಾ?”

“ಅಯ್ಯೋ, ಗುರುವಾರ! ಈಗಾದ್ರೂ ಕತ್ತರಿಸು.”

“ಆ ಕಾಗದ ಬರ್ದಿದ್ದು ನಮ್ಮ ಹುಡುಗಿ,” ಎಂದ ಅಪ್ಪ ಬಾಚಣಿಗೆ ಆಡಿಸುತ್ತ. “ಡಾಕ್ಟರಲ್ಲ. ಆದ್ರೆ ಅವಳು ಬರೀದೇ ಇದ್ರೆ ನಾನು ಡಾಕ್ಟರ ಹತ್ರ ಹೋಗ್ತಾನೇ ಇರ್ಲಿಲ್ಲ.”

ಕುರ್ಚಿಯಲ್ಲಿದ್ದವನು ಅವಳನ್ನು ಕನ್ನಡಿಯಲ್ಲಿ ಕಂಡು, ಬಟ್ಟೆಯೊಳಗಿಂದ ಕೈ ಹೊರತೆಗೆದು ನಮಸ್ಕರಿಸಿದ.  ಸಭೆಯ ಚಪ್ಪಾಳೆಗಿಂತ ಅದೇ ಅವಳಿಗೆ ದೊಡ್ಡದೆನಿಸಿತು. ಅವಳು ಒಳಗೆ ಬಂದು, ಗಿರಾಕಿಗಳ ಬೆಂಚಿನ ಮೇಲೆ ತನ್ನ ಸರದಿಗೆ ಕಾಯುವವಳಂತೆ ಕೂತಳು.