ಹೆಂಡತಿ ಹೇಳಿಕೊಟ್ಟ ಎಸೆತ

ಕಣ್ಣಿಗೆ ಬಿಟ್ಟ ಹನಿ ಕೆನ್ನೆಗೆ ಜಾರುತ್ತಿದೆ, ಒರೆಸಬೇಕು, ಮೈತ್ರೇಯಿ ಕರ್ಚೀಫಿನಿಂದ ಅತ್ತೆಯ ಕೆನ್ನೆ ಒತ್ತಿದಳು, ಕಣ್ಣನ್ನು ಮಾತ್ರ ಫೋನಿನಿಂದ ಕೀಳಲಿಲ್ಲ — ಜಯನಗರದ ಈ ಕಣ್ಣಿನ ಕ್ಲಿನಿಕ್ಕಿನಲ್ಲಿ ಔಷಧಿ ಹಿಡಿಯುವವರೆಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂತಿರಬೇಕಂತೆ, ಅತ್ತೆ ಚೂಡಾಮಣಿಯವರು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಾರೆ, ಇನ್ನೊಂದು ಸೊಸೆಯ ಕಿವಿಯಲ್ಲಿ, ಎರಡರಲ್ಲೂ ಅವಳ ಗಂಡ ಶ್ರೀಕರನ ದನಿ, ಕಂಪ್ಯೂಟರ್ ಗೇಮಿನ ಫೈನಲ್, ಕನ್ನಡದಲ್ಲಿ ಕಾಮೆಂಟರಿ, ನಲವತ್ತು ಸಾವಿರ ಜನ ನೋಡುತ್ತಿದ್ದಾರೆ. ಏನಮ್ಮಾ ಆಗ್ತಿದೆ, ನನ್ ಮಗ ಯಾಕೆ ಹಂಗೆ ಕೂಗಾಡ್ತಿದಾನೆ? ಏನಿಲ್ಲ ಅತ್ತೆ, ಐದು ಜನ ಈ ಕಡೆ, ಐದು ಜನ ಆ ಕಡೆ, ಗುಂಡು ಹಾರಿಸ್ತಿದಾರೆ. ಈಗ ಎಡಗಡೆಯಿಂದ ನುಗ್ಗುತ್ತಾರೆ, ಅವಳಿಗೆ ಗೊತ್ತು, ಶ್ರೀಕರ್ ಅದನ್ನೇ ಹೇಳುತ್ತಾನೆ, ನುಗ್ಗಿದ ಮೇಲೆ ಹೇಳುತ್ತಾನೆ, ಅಷ್ಟಕ್ಕೇ ಸಖತ್ ಗುರು, ಏನ್ ತಲೆ ಗುರು ಎಂದು ಸಾಲುಸಾಲು ಕಾಮೆಂಟು. ಯಾರ ತಲೆ? ಹದಿನಾಲ್ಕು ವರ್ಷದ ಹಿಂದೆ ಜೆ.ಪಿ. ನಗರದ ಗೇಮಿಂಗ್ ಕೆಫೆಯಲ್ಲಿ, ಸೆಕೆಗೆ ಬೆವರುವ ಆ ಬೇಸ್‌ಮೆಂಟಿನಲ್ಲಿ, ತಂಡದ ಕ್ಯಾಪ್ಟನ್ ಅವಳು, ಅವನು ಐದನೆಯವನು, ಯಾರೋ ಬರಲಿಲ್ಲವೆಂದು ಸೇರಿಸಿಕೊಂಡವನು, ಆಟದಲ್ಲಿ ಎಲ್ಲರಿಗಿಂತ ಮೊದಲು ಸಾಯುತ್ತಿದ್ದವನು, ಸತ್ತು ಪಕ್ಕದ ಕುರ್ಚಿಯಲ್ಲಿ ಕೂತು ಅವಳ ಆಟಕ್ಕೆ ಕಾಮೆಂಟರಿ ಹೇಳುತ್ತಿದ್ದ, ಎಲ್ಲರೂ ನಗುತ್ತಿದ್ದರು, ಆ ಬಾಯಿಗೇ ಅಲ್ಲವೇ ಅವಳು ಸೋತದ್ದು. ಆಡುವುದನ್ನು ಇಬ್ಬರೂ ಬಿಟ್ಟರು, ಯಾರೂ ಬಿಡಿಸಲಿಲ್ಲ, ಆಫೀಸು, ಮಣಿಕಟ್ಟಿನ ನೋವು, ಭಾನುವಾರ ಆಡೋಣ ಬಿಡು, ಎಷ್ಟೋ ಭಾನುವಾರ, ಆಮೇಲೆ ಬರೀ ನೋಡುವುದು, ಸೋಫಾದ ಮೇಲೆ ಕಾಲು ಚಾಚಿ ಟೂರ್ನಮೆಂಟು, ಅವಳು ಹೇಳುವಳು, ಅವನು ಕೇಳುವನು — ಕೇಳಿ ಕೇಳಿ ಅದನ್ನೇ ಹೇಳುವುದು ಈಗ ಅವನ ಕೆಲಸವಾಗಿದೆ. ಸ್ಟುಡಿಯೋಗೆ ನೀನೂ ಬಾ ಎಂದು ಒಂದು ದಿನವೂ ಅನ್ನಲಿಲ್ಲ, ಅವಳೂ ಕೇಳಲಿಲ್ಲ, ಕೇಳಿದರೆ ಹೊಟ್ಟೆಕಿಚ್ಚು ಅಂದಾನು, ಹೌದು, ಹೊಟ್ಟೆಕಿಚ್ಚೇ, ಅಲ್ಲಿ ಆಡುತ್ತಿರುವ ಹತ್ತೊಂಬತ್ತರ ಹುಡುಗರ ಮೇಲೂ ಇಷ್ಟಿಲ್ಲ, ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿಕೊಟ್ಟ, ಅವನು ತೊಟ್ಟ ಆ ನೀಲಿ ಶರ್ಟಿನ ಮೇಲಿರುವಷ್ಟು.

ಅಯ್ಯೋ, ಅದೇ ಎಸೆತ — ತೆರೆಯ ಮೇಲೆ ಒಬ್ಬ ನೀರಿನ ಟ್ಯಾಂಕಿನ ಹಿಂದೆ ನಿಂತು ಹೊಗೆ ಬಾಂಬನ್ನು ಗೋಡೆಗೆ ಹೊಡೆದ, ಅದು ಪುಟಿದು ಹೋಗಿ ಬಾಗಿಲಲ್ಲಿ ಬಿತ್ತು, ಹೊಗೆಯಲ್ಲಿ ಬಾಗಿಲೇ ಮಾಯ, ಆ ಮೂಲೆ, ಆ ಕೋನ, ಅಂದು ಕೆಫೆಯಲ್ಲಿ ಮೂರು ಮಧ್ಯಾಹ್ನ ಊಟ ಬಿಟ್ಟು ಅವಳು ಕಂಡುಕೊಂಡದ್ದು, ಶ್ರೀಕರ್ ಹೇಳುತ್ತಿದ್ದಾನೆ, ಇದನ್ನ ನಂಗೆ ಹೇಳ್ಕೊಟ್ಟಿದ್ದು ನನ್ ಹೆಂಡ್ತಿ, ಹೇಳಿದ, ಹೇಳಿಯೇಬಿಟ್ಟ, ಜೊತೆಗೆ ಕಾಮೆಂಟರಿಗೆ ಕೂತ ನಂದಕುಮಾರ್ ಮೇಜು ಬಡಿದ, ಮನೇಲಿ ಊಟ ಸಿಗ್ಬೇಕಲ್ಲಾ ಮಗಾ, ಹಂಗೇ ಹೇಳ್ಬೇಕು! ಈಗ ಶ್ರೀಕರ್ ಅನ್ನುತ್ತಾನೆ, ಇಲ್ಲ ಮಗಾ, ತಮಾಷೆಯಲ್ಲ, ಅವಳು ನಮ್ಮ ಕ್ಯಾಪ್ಟನ್ ಅನ್ನುತ್ತಾನೆ — ತೆರೆಯ ತುಂಬಾ ಈಗ ಕಾಮೆಂಟರಿ ಮೇಜು, ಶ್ರೀಕರ್ ತಲೆ ಹಿಂದಕ್ಕೆ ಚೆಲ್ಲಿ ನಕ್ಕ, ಬಾಯಿ ಪೂರಾ ತೆರೆದು, ದವಡೆಗೆ ಹಾಕಿಸಿದ ಬೆಳ್ಳಿ ಬಣ್ಣದ ಹಲ್ಲು ಮಿಂಚಿತು. ಅತ್ತೆಯೂ ಕಣ್ಣು ಮುಚ್ಚಿಕೊಂಡೇ ನಕ್ಕರು, ಕೇಳಿದ್ಯಾ, ನಿನ್ನೇ ತಮಾಷೆ ಮಾಡ್ತಿದಾರೆ. ತಮಾಷೆ ಅಲ್ಲ ಅತ್ತೆ, ನಿಜ, ಅದನ್ನ ಕಂಡುಹಿಡಿದಿದ್ದು ನಾನೇ, ನಿಮ್ಮ ಮಗನಿಗೆ ಕಲಿಸಿದ್ದೂ ನಾನೇ. ಅತ್ತೆಯ ನಗು ನಿಂತಿತು, ಮುಚ್ಚಿದ ಕಣ್ಣಿನ ಮುಖ ಅವಳತ್ತ ತಿರುಗಿತು. ಹೌದಾ? ಮತ್ತೆ ಅವನ್ಯಾಕೆ ನಕ್ಕ? ಪಂದ್ಯ ಮುಂದೆ ಹೋಗಿದೆ, ಯಾರೋ ಸತ್ತರು, ಯಾರೋ ಗೆದ್ದರು, ನರ್ಸ್ ಅತ್ತೆಯ ಹೆಸರು ಕೂಗುತ್ತಿದ್ದಾಳೆ, ಏಳಬೇಕು, ಕೈ ಹಿಡಿದು ಒಳಗೆ ಕರೆದೊಯ್ಯಬೇಕು, ಯಾಕೆ ನಕ್ಕ, ತಲೆ ಹಿಂದಕ್ಕೆ, ಬಾಯಿ ತೆರೆದು, ಮೇಜು ಬಡಿದ ಸದ್ದು, ತಲೆಯೊಳಗೆ ಮತ್ತೆ ಆ ಬಾಯಿ ತೆರೆಯುತ್ತದೆ, ಆ ಹಲ್ಲು, ತೆರೆದ ಬಾಯಿ, ಆ ಹಲ್ಲು.