ಹೆಸರು ಬಿಟ್ಟ ಒಡಪು

ಸುಂಕಮ್ಮ ಒಡಪು ಮುಗಿಸುತ್ತಿದ್ದಂತೆಯೇ ಬಾಗಿಲಿಗೆ ಅಡ್ಡ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

"ಅಯ್ಯ, ಇದು ನಾಟಕ ಕಂಪನಿ ಪದ ಅಲ್ಲೇನ! ಹೋಟ್ಲಿನ್ಯಾಗ ದಿನಾ ಗ್ರಾಮಫೋನಿಗೆ ಇದರ ಪ್ಲೇಟ್ ಹಾಕ್ತಾರ," ಎಂದಳು ಗಂಡನ ಅಕ್ಕ ತಾಯಕ್ಕ. "ರಾಜ ಅನ್ನೋ ಕಡೆ ನನ್ನ ತಮ್ಮನ ಹೆಸರು ತುರುಕಿದ್ರ ಒಡಪು ಆಗ್ತೈತೇನು? ನಿನ್ನ ಸ್ವಂತದ್ದು ಹೇಳು, ಬಿಡ್ತೀವಿ."

ಮೈದುನನ ಮದುವೆ. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಮುಂಚೆ ಹಿರಿಸೊಸೆ ಗಂಡನ ಪಕ್ಕ ನಿಂತು ಅವನ ಹೆಸರು ಹೇಳಬೇಕು, ಅದೂ ಪದದೊಳಗೆ ಸುತ್ತಿ; ಅದೇ ಒಡಪು. ಬರೀ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ವರ್ಷವಿಡೀ ಹೆದರಿಸುವ ಜನವೇ ಇಂಥ ದಿನ ಹೇಳು ಹೇಳು ಎಂದು ಪ್ರಾಣ ತಿನ್ನುತ್ತಾರೆ.

ಆ ಒಡಪು ಸುಂಕಮ್ಮನದೇ. ಮದುವೆಯಾದ ವರ್ಷ ಗಂಡ ಪಾಲಪ್ಪ ಕಂಪ್ಲಿ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದ. ಮಳೆಗಾಲದಲ್ಲಿ ಒಮ್ಮೆ ಆಚೆ ದಡಕ್ಕೆ ಹೋದವನು ಹೊಳೆ ಏರಿ ಮೂರು ದಿನ ಬರಲಿಲ್ಲ. ಆ ಮೂರು ದಿನ ಅವಳು ಒಲೆ ಹಚ್ಚಲಿಲ್ಲ. ಕೂತಲ್ಲೇ ಪದ ಕಟ್ಟಿದ್ದಳು:

"ತುಂಬಿದ ಹೊಳಿಯಾಗ ಹರಗೋಲು ತಿರುಗತೈತಿ,
ಹೊಸ್ತಿಲ ಮ್ಯಾಗ ನನ್ನ ಮನಸು ತಿರುಗತೈತಿ,
ದಡಕ್ಕ ಬರಲಿ ಜಲ್ದಿ ನನ್ನ ಪಾಲಪ್ಪ."

ಆಮೇಲೆ ಊರಿಗೆ ನಾಟಕ ಕಂಪನಿ ಬಂತು. ಅದರಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ. ಯಾರದೋ ಸೀಮಂತದಲ್ಲಿ ಈ ಪದ ಕಿವಿಗೆ ಬಿದ್ದು, ಇನ್ನೊಮ್ಮೆ ಹೇಳ್ರಿ ಎಂದು ಬಂದು ಕೂತ. ಇವಳು ಹಿಗ್ಗಿ ಮೂರು ಸಲ ಹೇಳಿದಳು. ಹೆಸರು ಮಾತ್ರ ಹೇಳಲಿಲ್ಲ. ಪರಗಂಡಸಿನ ಮುಂದೆ ಗಂಡನ ಹೆಸರು ಹೇಳುವುದುಂಟೆ?

"ಅಲ್ಲಿ ನಮ್ಮನಿಯೋರ ಹೆಸರು ಬರ್ತೈತ್ರಿ," ಎಂದು ತಲೆ ತಗ್ಗಿಸಿದ್ದಳು.

"ಇರ್ಲಿ ಬಿಡಮ್ಮ, ಆ ಜಾಗ ಖಾಲಿ ಇರ್ಲಿ," ಎಂದಿದ್ದ ಪುಣ್ಯಾತ್ಮ.

ಖಾಲಿ ಜಾಗದಲ್ಲಿ ರಾಜ ಬಂದು ಕೂತ. ಮಾರನೆಯ ವರ್ಷ ಮದ್ರಾಸಿನಿಂದ ಪ್ಲೇಟು ಬಂತು, ಅದರ ಮೇಲೆ ಮಾಸ್ತರನ ಹೆಸರು. ಹೊಸಪೇಟೆಯಿಂದ ಸಂಡೂರಿನವರೆಗೆ ಮೀಸೆ ಚಿಗುರಿದವರೆಲ್ಲ ಅದನ್ನೇ ಗುನುಗಿದರು. ಕಳ್ಳನ ಕೈಗೆ ನಾನೇ ಕೀಲಿಕೈ ಕೊಟ್ಟೆನಲ್ಲ ಎಂದು ಸುಂಕಮ್ಮ ಹಳಹಳಿಸಿದಳು. ಊರಿಗೆ ಅದು ಯಾರದಾದರೂ ಆಗಲಿ, ಮನೆಯವನಿಗೆ ಗೊತ್ತಲ್ಲ ಎಂದುಕೊಂಡು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದಳು.

"ಇದು ನಂದ ಐತಿ. ಪ್ಲೇಟ್ ಬರೋಕಿಂತ ಮೊದ್ಲ ಕಟ್ಟೀನಿ," ಎಂದಳು ಈಗ. "ಬೇಕಾರ ಇವರನ್ನ ಕೇಳ್ರಿ."

ಎಲ್ಲರೂ ಪಾಲಪ್ಪನ ಕಡೆ ತಿರುಗಿದರು. ಅವನು ಹೊಸ ರುಮಾಲು ಸರಿಮಾಡಿಕೊಂಡು ಬೀಗರ ಮುಖ ನೋಡಿದ. ಆವತ್ತು ಹರಿಗೋಲಿನಿಂದ ಇಳಿದು ಬಂದವನು ಒದ್ದೆ ಬಟ್ಟೆಯಲ್ಲೇ ಕೂತು ನಾಲ್ಕು ಸಲ ಹೇಳಿಸಿ ಕೇಳಿದ್ದ. ನಾಲ್ಕನೆಯ ಸಲ ಕೇಳುವಾಗ ಅವನ ಕಣ್ಣು ತುಂಬಿತ್ತು.

"ಯಾವ ಪದನೋ ಏನೋ, ನನಗೇನು ನೆಪ್ಪೈತಿ," ಎಂದ ಪಾಲಪ್ಪ. "ಪ್ಲೇಟಿನ್ಯಾಗ ಐತಂದ್ರ ಅವರದ ಇರಬೇಕು. ಮಂದಿ ನಗಾಕತ್ತಾರ. ಬ್ಯಾರೆ ಯಾವ್ದರ ಹೇಳಿ ಮುಗಿಸು, ಜಲ್ದಿ."

ಬೇರೆ ಒಡಪು ಬರುತ್ತಿರಲಿಲ್ಲವೆಂದಲ್ಲ. ಎಲೆ ಅಡಿಕೆಯದು, ಮಲ್ಲಿಗೆ ದಂಡೆಯದು, ಯಾವ ಹೆಂಗಸು ಯಾವ ಗಂಡನಿಗೆ ಹೇಳಿದರೂ ನಡೆಯುವಂಥವು ಬೇಕಾದಷ್ಟು ಗೊತ್ತಿದ್ದವು. ಸುಂಕಮ್ಮ ಗಂಡನನ್ನೇ ನೋಡುತ್ತಿದ್ದಳು. ಅವನು ಇವಳತ್ತ ನೋಡಲಿಲ್ಲ.

"ಪಾಲಪ್ಪ," ಎಂದಳು.

ಹೆಂಗಸರು ಇನ್ನೇನೋ ಬರುತ್ತದೆಂದು ಕಾದರು. ಬರೀ ಹೆಸರು, ಪದವಿಲ್ಲ. ನಗು ನಿಂತುಹೋಯಿತು. ತಾಯಕ್ಕ ತನಗೆ ಅರಿವಿಲ್ಲದೆಯೇ ಪಕ್ಕಕ್ಕೆ ಸರಿದಳು. ಸುಂಕಮ್ಮ ಸೆರಗು ಹೊದ್ದುಕೊಂಡು ಒಳಗೆ ನಡೆದಳು. ಪಾಲಪ್ಪ ಮದುಮಕ್ಕಳ ಜೊತೆ ಹೊರಗೇ ನಿಂತಿದ್ದ.